ಹತ್ತಿಯಪ್ಪ ಗೇಟು ದಾಟಿದ ಪ್ರಸಂಗ

ಈಗ ಆ ಊರಿನಲ್ಲಿ ರೈಲ್ವೆ ಗೇಟು ಇಲ್ಲ. ಸೇತುವೆ ಬಂದಿದೆ, ಜನ ರೈಲನ್ನು ಕಣ್ಣೆತ್ತಿಯೂ ನೋಡದೆ ಊರು ದಾಟುತ್ತಾರೆ. ಗೇಟು ಇದ್ದ ಕಾಲದಲ್ಲಿ ಊರಿಗೆ ಇದ್ದದ್ದು ಎರಡೇ ದಿಕ್ಕು: ಆಚೆ ಮತ್ತು ಈಚೆ. ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂದು ಕೇಳಿದರೂ ಜನ 'ಗೇಟಿನ ಆಚೆ' ಎಂದೇ ಹೇಳುತ್ತಿದ್ದರು. ಗೇಟು ಬಿದ್ದಾಗ ಎರಡೂ ಕಡೆಯವರು ಸೈಕಲ್ಲಿನಿಂದ ಒಂದು ಕಾಲು ಕೆಳಗೂರಿ ಎದುರುಬದುರಾಗಿ ನಿಲ್ಲುತ್ತಿದ್ದರು. ಆಚೆಯವರು ಈಚೆಯವರ ಮುಖವನ್ನು ಸಾವಧಾನವಾಗಿ ನೋಡುತ್ತಿದ್ದದ್ದು ಹೆಚ್ಚುಕಡಿಮೆ ಆಗ ಮಾತ್ರ.

ಸರ್ಕಾರಿ ಶಾಲೆಗಳೂ ಎರಡು. ಆಚೆ ಶಾಲೆ, ಈಚೆ ಶಾಲೆ. ಎರಡನ್ನೂ ಸಾಕುತ್ತಿದ್ದದ್ದು ಒಂದೇ ಸರ್ಕಾರ, ಆದರೆ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಆಚೆ ಶಾಲೆಯಲ್ಲಿ ಪ್ರಯೋಗಶಾಲೆ, ಗ್ರಂಥಾಲಯ, ಪಾಠಕ್ಕೊಬ್ಬ ಮೇಷ್ಟ್ರು. ಈಚೆ ಶಾಲೆಯಲ್ಲಿ ಗಣಿತ, ವಿಜ್ಞಾನ, ಡ್ರಿಲ್ಲು, ಗಂಟೆ ಬಾರಿಸುವುದು ಎಲ್ಲಕ್ಕೂ ಒಬ್ಬರೇ ಮೇಷ್ಟ್ರು. ಮಳೆ ಬಂದರೆ ಸೋರುವ ಕಡೆ ಬಕೆಟ್ಟು ಇಡುವುದೂ ಅವರೇ. ಐದನೇ ತರಗತಿ ಮುಗಿಸಿದ ಮಗು ಯಾವ ಶಾಲೆಗೆ ಹೋಗಬೇಕು ಎನ್ನುವುದನ್ನು ಮಗುವಿನ ಬುದ್ಧಿಯಾಗಲಿ, ಅಪ್ಪ ಅಮ್ಮನ ಆಸೆಯಾಗಲಿ ತೀರ್ಮಾನಿಸುತ್ತಿರಲಿಲ್ಲ. ರೈಲು ಹಳಿ ತೀರ್ಮಾನಿಸುತ್ತಿತ್ತು. ಹಳಿಯ ಯಾವ ಕಡೆ ಮನೆಯೋ ಆ ಕಡೆ ಶಾಲೆ.

ಹತ್ತಿಯಪ್ಪನ ಮನೆ ಈಚೆ. ಅವನು ಹಾಸಿಗೆ ಹೊಲಿಯುವವನು. ಮನೆಯ ಮುಂದಿನ ತಗಡಿನ ಮಾಡಿನ ಕೆಳಗೆ ಕೂತು ಬೆಳಗಿನಿಂದ ಹತ್ತಿ ಹಿಂಜುತ್ತಿದ್ದ. ಬಿಲ್ಲಿನ ತಂತಿ ಡೊಂಯ್ ಡೊಂಯ್ ಎಂದರೆ ಬೀದಿಗೆ ಬೆಳಗಾಯಿತು ಎಂದು ಲೆಕ್ಕ. ಹತ್ತಿ ಅವನ ಮೀಸೆಯಲ್ಲಿ, ಹುಬ್ಬಿನಲ್ಲಿ, ಕಿವಿಯಲ್ಲಿ, ಊಟದ ತಟ್ಟೆಯಲ್ಲಿ. ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಹತ್ತಿಯಪ್ಪ ಆ ಗಾದೆಯನ್ನು ಕಸುಬುದಾರನ ಕಣ್ಣಿನಿಂದ ನೋಡಿದ್ದ. ಕಾಲು ಹೊರಗೆ ಬಂದರೆ ಬಂತು, ಇನ್ನೊಂದು ತುಂಡು ಬಟ್ಟೆ ಹಚ್ಚಿ ಹೊಲಿದರಾಯಿತು ಎಂಬುದು ಅವನ ನಂಬಿಕೆ. ಮುಂದೆ ನಡೆದದ್ದಕ್ಕೆಲ್ಲ ಈ ನಂಬಿಕೆಯೇ ಕಾರಣ.

ಆ ವರ್ಷ ಬೇಸಿಗೆಯಲ್ಲಿ ಅವನು ಆಚೆಯ ಬ್ಯಾಂಕಿನವರ ಮನೆಗೆ ಹೊಸ ಹಾಸಿಗೆ ತಲುಪಿಸಲು ಹೋದ. ಮನೆಯೊಡತಿ ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿ, ಮೆಚ್ಚಿ, ಸುಮ್ಮನೆ ಮಾತಿಗೆಂದು ಕೇಳಿದರು:

"ನಿಮ್ಮ ಮಗಳದ್ದು ಐದನೇ ಕ್ಲಾಸು ಮುಗೀತಲ್ವಾ? ಮುಂದೆ ಎಲ್ಲಿಗೆ?"

ಈಚೆ ಶಾಲೆ ಎಂದು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಕೋಣೆಯ ಗೋಡೆಗೆ ಕಪಾಟು, ಕಪಾಟಿನ ತುಂಬ ಪುಸ್ತಕ, ಪಕ್ಕದಲ್ಲಿ ಆಚೆ ಶಾಲೆಗೆ ಹೋಗುವ ಆ ಮನೆಯ ಹುಡುಗನ ಚೀಲ. ಅವೆಲ್ಲ ತನ್ನ ಉತ್ತರಕ್ಕೇ ಕಾಯುತ್ತಿವೆ ಎಂದು ಹತ್ತಿಯಪ್ಪನಿಗೆ ಅನ್ನಿಸಿತು.

"ಇಲ್ಲೇ ಅಮ್ಮಾ, ನಿಮ್ಮ ಈ ಆಚೆ ಶಾಲೆಗೇ" ಎಂದುಬಿಟ್ಟ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಎಲ್ಲಾ ಆಗೋಗಿದೆ" ಎಂದೂ ಸೇರಿಸಿದ.

ವಾಪಸು ಬರುವಾಗ ಗೇಟು ಬಿದ್ದಿತ್ತು. ಕಾನೂನಿಗೆ ಹೆದರುವ ಹತ್ತಿಯಪ್ಪ ಸೈಕಲ್ ಹಿಡಿದು ನಿಂತ. ಬ್ಯಾಂಕಿನವರ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸು ಗೇಟಿನ ಕೆಳಗೆ ತಲೆ ತಗ್ಗಿಸಿ ನುಸುಳಿ ಹೋದಳು. ಸುದ್ದಿಯೂ ಅವಳ ಜೊತೆಯಲ್ಲೇ ನುಸುಳಿತು. ಅವನು ಬೀದಿ ಸೇರುವಷ್ಟರಲ್ಲಿ ಮನೆಯ ಮುಂದೆ ಜನ ಸೇರಿದ್ದರು. ಎದುರು ಮನೆಯ ಬಾಗಿಲಜ್ಜಿ, ಅಂದರೆ ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಹೊಸ್ತಿಲ ಮೇಲೇ ಕೂತಿರುತ್ತಿದ್ದ ಮುದುಕಿ, ಅವನ ಕೆನ್ನೆ ಸವರಿ, "ನಮ್ಮ ಬೀದಿಯಿಂದ ಆಚೆ ಶಾಲೆಗೆ ಹೋಗೋ ಮೊದಲನೇ ಮಗು ಕಣೋ!" ಎಂದಳು. ಇಸ್ತ್ರಿಯವನು ತಾನಾಗಿಯೇ ಹೇಳಿದ: "ಪುಟ್ಟಿ ಯೂನಿಫಾರಂ ಇಸ್ತ್ರಿ ನಂದು. ಕಾಸು ಮುಟ್ಟಲ್ಲ."

ಪುಟ್ಟಿ ಮಾತ್ರ ಒಂದೇ ಪ್ರಶ್ನೆ ಕೇಳಿದಳು. "ಅಪ್ಪಾ, ಆ ಶಾಲೇಲಿ ಪುಸ್ತಕ ಮನೆಗೂ ಕೊಟ್ಟು ಕಳಿಸ್ತಾರಂತೆ. ನಿಜಾನಾ?"

ಕಿರಾಣಿ ಅಂಗಡಿಯಿಂದ ಸಾಮಾನು ತಂದರೆ ಪೊಟ್ಟಣ ಬಿಚ್ಚಿ, ಆ ಕಾಗದವನ್ನು ನೆಲದ ಮೇಲೆ ಹರಡಿ ಎರಡೂ ಮಗ್ಗುಲು ಓದುವ ಹುಡುಗಿ ಅದು. ಅರ್ಧಕ್ಕೆ ಹರಿದ ಕಥೆಗಳೆಲ್ಲ ಏನಾದವು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಹತ್ತಿಯಪ್ಪ ಅವಳ ಮುಖ ನೋಡಿದ. ಆಮೇಲೆ ಹೇಳಿದ ಮಾತನ್ನು ನುಂಗಿಕೊಳ್ಳುವ ದಾರಿ ಅವನಿಗೆ ಉಳಿಯಲಿಲ್ಲ.

ಜನ ಚೆದುರಿದ ಮೇಲೆ ಹೆಂಡತಿ ಕೇಳಿದಳು. "ಹೇಳಿದ್ದೇನೋ ಹೇಳಿಬಿಟ್ರಿ. ಇನ್ನು ಹೋಗಿ ಆ ಹಳಿ ಎತ್ಕೊಂಡು ಬಂದು ನಮ್ಮ ಮನೆ ಹಿತ್ತಲಲ್ಲಿ ಹಾಕಿ."

"ಹಳಿ ಯಾಕೆ ಎತ್ಬೇಕು? ನಾವೇ ಆಚೆ ಹೋದ್ರಾಯ್ತು. ನಿಮ್ಮಣ್ಣನ ಮನೆ ಇಲ್ವಾ?"

ಹೆಂಡತಿಯ ಅಣ್ಣ ಆಚೆ ಇದ್ದದ್ದು ನಿಜ. ಸರ್ಕಾರಿ ಕಟ್ಟಡಗಳ ರಿಪೇರಿ ಕಛೇರಿಯಲ್ಲಿ ಸೂಪರ್‌ವೈಸರ್. ಈಚೆ ಶಾಲೆಯ ಸೂರಿನ ಅರ್ಜಿ ವರ್ಷವರ್ಷವೂ ಅವರ ಮೇಜಿಗೇ ಬಂದು, 'ಮುಂದಿನ ವರ್ಷ ನೋಡೋಣ' ಎಂಬ ಮಾತು ಕೇಳಿಸಿಕೊಂಡು ವಾಪಸು ಹೋಗುತ್ತಿತ್ತು. ತಂಗಿಯ ಗಂಡ ಬಂದು ವಿಷಯ ಹೇಳಿದಾಗ ಅವರು ಗಂಟಲು ಸರಿಮಾಡಿಕೊಂಡು, "ಹೆಸರಿಗೆ ನಮ್ಮನೇಲಿ ಇದ್ದೀರಿ ಅಂತ ಹೇಳ್ಕೊಳ್ಳಿ ಭಾವ. ಅದಕ್ಕೇನಂತೆ" ಎಂದರು. ಹೆಸರಿಗೆ ಎಂಬ ಮಾತನ್ನು ಅವರು ಒತ್ತಿಯೇ ಹೇಳಿದ್ದರು. ಆದರೆ ಹತ್ತಿಯಪ್ಪ ಯಾವ ಕೆಲಸವನ್ನೂ ಅರೆಬರೆ ಮಾಡಿದವನಲ್ಲ. ಮರುದಿನವೇ ಸೈಕಲ್ಲಿನ ಹಿಂದೆ ಹಾಸಿಗೆ ಸುತ್ತಿ ಕಟ್ಟಿಕೊಂಡು ಗೇಟು ದಾಟಿ, ಭಾವನ ಮನೆಯ ಜಗಲಿಯಲ್ಲಿ ಹಾಸಿ ಮಲಗಿಯೇಬಿಟ್ಟ.

ಆಚೆಯ ನಿವಾಸಿಯಾಗಿ ಅವನು ಮಾಡಿದ ಸೇವೆಯನ್ನು ಆ ರಸ್ತೆ ಬಹಳ ಕಾಲ ಮರೆಯಲಿಲ್ಲ. ಬೆಳಗ್ಗೆ ಎದ್ದು ಭಾವನ ಮನೆಯ ಮುಂದೆ ತನ್ನ ಅಂಗಿ ಬನಿಯನ್ನುಗಳನ್ನು ರಸ್ತೆಗೆ ಕಾಣುವ ಹಾಗೆ ಒಣಹಾಕಿದ. ಮೆಟ್ಟಿಲ ಮೇಲೆ ಕೂತು ಪತ್ರಿಕೆಯನ್ನು ಗಟ್ಟಿಯಾಗಿ ಓದಿದ. ಹೋಗಿಬರುವವರನ್ನೆಲ್ಲ ನಿಲ್ಲಿಸಿ, "ನಮ್ಮ ರಸ್ತೆ ಕಸ ಯಾಕ್ರೀ ಎತ್ತಿಲ್ಲ?" ಎಂದು ವಿಚಾರಿಸಿದ. ನಗರಸಭೆಗೆ ಹೋಗಿ ನಮ್ಮ ರಸ್ತೆಯ ದೀಪ ಮಂಕಾಗಿದೆ ಎಂದು ಜಗಳ ಕಾಯ್ದ. ಹಗಲು ಮಾತ್ರ ಕದ್ದುಮುಚ್ಚಿ ಈಚೆ ಬಂದು ಹತ್ತಿ ಹಿಂಜುತ್ತಿದ್ದ, ಹೊಟ್ಟೆಪಾಡು ನೋಡಬೇಕಲ್ಲ. ಭಾವನ ಹೆಂಡತಿ ಗುಡಿಸಿದಷ್ಟೂ ಜಗಲಿಯಲ್ಲಿ ಹತ್ತಿ ಸಿಗುತ್ತಿತ್ತು.

ಇತ್ತ ಬೀದಿಯವರಿಗೆ ತಾಲೀಮು ನಡೆಯಿತು. ಶಾಲಾ ಕಛೇರಿಯಿಂದ ಜವಾನ ಬಂದು ಅಕ್ಕಪಕ್ಕದವರನ್ನು ವಿಚಾರಿಸುವುದು ವಾಡಿಕೆ. ಅದಕ್ಕೆ ಹತ್ತಿಯಪ್ಪ ಎಲ್ಲರನ್ನೂ ಮಾಡಿನ ಕೆಳಗೆ ಸೇರಿಸಿ, ತಾನೇ ಜವಾನನಾಗಿ ಎದುರು ನಿಂತು ಪ್ರಶ್ನೆ ಕೇಳಿದ.

"ಏನಜ್ಜಿ, ಹಾಸಿಗೆ ಹೊಲಿಯೋನು ಈ ಮನೇಲಿ ಇದಾನಾ?"

"ಇಲ್ಲೇ ನನ್ನ ಮುಂದೇನೇ ನಿಂತಿದೀಯಲ್ಲೋ" ಎಂದಳು ಬಾಗಿಲಜ್ಜಿ.

"ಅಜ್ಜಿ, ನಾನು ಈಗ ನಾನಲ್ಲ. ಜವಾನ. ನೀನು ಹತ್ತಿಯಪ್ಪ ಯಾರೋ ಗೊತ್ತಿಲ್ಲ ಅನ್ಬೇಕು."

"ಹುಟ್ಟಿದಾಗ ನಿಮ್ಮಮ್ಮನಿಗಿಂತ ಮುಂಚೆ ನಿನ್ನ ಎತ್ಕೊಂಡೋಳು ನಾನು. ಗೊತ್ತಿಲ್ಲ ಅಂತ ಈ ಬಾಯಲ್ಲಿ ಹೆಂಗೋ ಅನ್ನಲಿ?"

"ಪುಟ್ಟಿ ಓದ್ಬೇಕು ಅಜ್ಜಿ."

ಅಜ್ಜಿ ಸೆರಗು ಸರಿಮಾಡಿಕೊಂಡು ಕೂತಳು. ಆಮೇಲೆ ಕಣ್ಣು ಕಿರಿದು ಮಾಡಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಯಾರಪ್ಪಾ ನೀನು?" ಎಂದಳು. ಎಷ್ಟು ಚೆನ್ನಾಗಿ ಎಂದಳೆಂದರೆ ಹತ್ತಿಯಪ್ಪನಿಗೆ ಕ್ಷಣಕಾಲ ತಾನು ಯಾರು ಎಂದು ತನಗೇ ಅನುಮಾನ ಬಂತು.

ಅಷ್ಟಕ್ಕೂ ಅವನಿಗೆ ಸಮಾಧಾನವಾಗಲಿಲ್ಲ. ಅಧಿಕಾರಿಗಳು ತನ್ನನ್ನೇ ಹೆದರಿಸಿ ಬಾಯಿ ಬಿಡಿಸಿದರೆ? ಅದಕ್ಕೂ ಒಂದು ತುಂಡು ಬಟ್ಟೆ ಹಚ್ಚಿದ. "ಇನ್ನೊಂದು ಮಾತು. ನಾಳೆ ನಾನೇ ಬಂದು, ಇಲ್ಲ ಕಣ್ರೋ, ನಾನು ಇದೇ ಮನೆಯೋನು, ನಿಜ ಹೇಳಿಬಿಡಿ ಅಂದ್ರೂ ನಂಬಬೇಡಿ. ಯಾರೋ ಹೆದರಿಸಿದಾರೆ ಅಂತ ತಿಳ್ಕೊಳ್ಳಿ. ಜಗ್ಗಬೇಡಿ."

"ಜಗ್ಗಲ್ಲ" ಎಂದಿತು ಇಡೀ ಬೀದಿ.

ಜವಾನ ಬಂದ. ಆಚೆಯಲ್ಲಿ ಕೇಳಿದರೆ ಎಲ್ಲರೂ ಒಂದೇ ದನಿಯಲ್ಲಿ, "ಇದಾರೆ, ಇದಾರೆ, ಅವರಿಲ್ಲದ ದಿನಾನೇ ಇಲ್ಲ" ಎಂದು ನಿಟ್ಟುಸಿರಿಟ್ಟರು. ಈಚೆಯಲ್ಲಿ ಕೇಳಿದರೆ ಅಂಥ ಮನುಷ್ಯನ ಹೆಸರನ್ನೇ ಯಾರೂ ಕೇಳಿರಲಿಲ್ಲ. ಹತ್ತಿಯಪ್ಪ ಗೇಟಿನ ಆಚೆಯ ಖಾಯಂ ನಿವಾಸಿ ಎಂದು ಕಛೇರಿಯಲ್ಲಿ ಮುದ್ರೆ ಬಿತ್ತು. ಅವತ್ತು ಅವನು ಬೀದಿಗೆಲ್ಲ ಟೀ ಬಿಸ್ಕತ್ತು ಕೊಡಿಸಿದ.

ಟೀ ಲೋಟ ಕೆಳಗಿಡುವುದರೊಳಗೆ ಎನ್ನುವ ಹಾಗೆ, ಶಾಲೆಗಳಿಗೆ ಹೊಸ ಅಧಿಕಾರಿ ಬಂದರು. ಸಣ್ಣ ದನಿಯ, ದೊಡ್ಡ ಕೊಡೆಯ ಹೆಂಗಸು. ಬಂದವರೇ ಎರಡೂ ಶಾಲೆಗಳನ್ನು ಸುತ್ತಿ ನೋಡಿ, ಈಚೆ ಶಾಲೆಯ ಅಂಗಳದಲ್ಲಿ ಊರವರ ಸಭೆ ಕರೆದರು.

"ಇಷ್ಟು ದಿನ ಮಕ್ಕಳನ್ನ ಹಳಿ ನೋಡಿ ಹಂಚಿದ್ದಾಯ್ತು" ಎಂದರು. "ಈ ವರ್ಷದಿಂದ ಆಚೆ ಶಾಲೇಲಿ ಅರ್ಧ ಜಾಗ ಈಚೆ ಮಕ್ಕಳಿಗೆ ಮೀಸಲು. ಉಳಿದ ಅರ್ಧಕ್ಕೆ ಆಚೆ ಮಕ್ಕಳು ಚೀಟಿ ಎತ್ತಬೇಕು. ಚೀಟಿ ಬರದೇ ಇರೋರು ಈಚೆ ಶಾಲೆಗೆ ಬರಬೇಕು."

ಈಚೆಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದ ಸದ್ದಿಗೆ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ಇಸ್ತ್ರಿಯವನು ಹತ್ತಿಯಪ್ಪನ ಬೆನ್ನು ತಟ್ಟಲು ಕೈ ಎತ್ತಿದವನು, ನೆನಪಾಗಿ ಕೈ ಇಳಿಸಿದ. ಗೊತ್ತಿಲ್ಲದವರ ಬೆನ್ನು ತಟ್ಟುವುದು ಹೇಗೆ?

ಹತ್ತಿಯಪ್ಪ ಮಾತ್ರ ಹಿಂಜಿದ ಹತ್ತಿಯಂತೆ ಬೆಳ್ಳಗಾಗಿದ್ದ. ಸುಮ್ಮನೆ ಮನೆಯಲ್ಲಿ ಬಿದ್ದಿದ್ದರೆ ಸಾಕಿತ್ತು, ಮಗಳಿಗೆ ಆಚೆ ಶಾಲೆ ತಾನಾಗಿಯೇ ಸಿಗುತ್ತಿತ್ತು. ಈಗ ಅವನು ಆಚೆಯವನು. ಚೀಟಿ ಕೈಕೊಟ್ಟರೆ ಆಚೆಯಿಂದ ಅವಳನ್ನು ಈಚೆ ಶಾಲೆಗೇ ಕಳಿಸುತ್ತಾರೆ. ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ ಆಗಿತ್ತು ಅವನ ಪಾಡು.

ಅದೇ ಸಂಜೆಯಿಂದ ಗೇಟಿನಲ್ಲಿ ಸಂಚಾರದ ದಿಕ್ಕು ಬದಲಾಯಿತು. ಆಚೆಯವರಿಗೆ ಈಚೆಯಲ್ಲಿ ನೆಂಟರು ನೆನಪಾಗತೊಡಗಿದರು. ಕಾರುಗಳು ಬೀದಿಯೊಳಗೆ ನುಗ್ಗಿ, ತಿರುಗಿಸಲು ಜಾಗವಿಲ್ಲದೆ ಹಿಮ್ಮುಖವಾಗಿಯೇ ಹೊರಗೆ ಹೋದವು. ಬಾಗಿಲಜ್ಜಿಗೆ ಒಂದೇ ವಾರದಲ್ಲಿ ಆಚೆಯಿಂದ ಎಷ್ಟೋ ಜನ ಮೊಮ್ಮಕ್ಕಳು ಹುಟ್ಟಿಕೊಂಡರು. ಅವಳು ಎಲ್ಲರ ಹಣ್ಣು ಬ್ರೆಡ್ಡು ತೆಗೆದುಕೊಂಡು, ಎಲ್ಲರಿಗೂ ಆಶೀರ್ವಾದ ಮಾಡಿ, ಯಾರಿಗೂ ಹೂಂ ಎನ್ನದೆ ಕಳಿಸುತ್ತಿದ್ದಳು.

ಭಾವನೂ ಬಂದರು. ಮಾಡಿನ ಕೆಳಗೆ ಬಗ್ಗಿ, ಹತ್ತಿಯ ಮೂಟೆಯ ಮೇಲೆ ಅಂಜುತ್ತಲೇ ಕೂತು, "ಭಾವ, ಒಂದು ಸಣ್ಣ ಉಪಕಾರ. ನಮ್ಮ ಹುಡುಗ ಹೆಸರಿಗೆ ನಿಮ್ಮನೇಲಿ ಇರಲಿ" ಎಂದರು.

"ನನ್ನ ಮನೇನೇ ನನ್ನ ಹೆಸರಿಗಿಲ್ಲ ಭಾವ. ನಾನು ನಿಮ್ಮನೇಲಿದೀನಿ" ಎಂದ ಹತ್ತಿಯಪ್ಪ, ಅಳುವುದೊಂದು ಬಾಕಿ.

ಮರುದಿನ ಅವನು ಶಾಲಾ ಕಛೇರಿಗೆ ಹೋಗಿ, ಕೈಕಟ್ಟಿಕೊಂಡು ಗುಮಾಸ್ತರ ಮುಂದೆ ನಿಂತ. "ಸಾರ್, ನಾನು ಈಚೆಯೋನು."

ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿದರು. "ಮೊನ್ನೆ ಆಚೆಯೋನು ಅಂದ್ರಿ."

"ಅದು ಸುಳ್ಳು ಸಾರ್."

"ಇದು ನಿಜ ಅಂತ ಹೆಂಗ್ರೀ ನಂಬೋದು? ವಾರದಿಂದ ಆಚೆಯ ವಕೀಲರು, ಡಾಕ್ಟರು ಎಲ್ಲಾ ಬಂದು ನಾವು ಈಚೆಯೋರು ಅಂತಿದಾರೆ. ಇನ್ನು ರೈಲ್ವೆ ಗೇಟಿನವನೊಬ್ಬನೇ ಉಳಿದಿರೋದು, ನಾನೂ ಈಚೆಯೋನು ಅಂತ ಬರೋಕೆ." ಆಮೇಲೆ ಅವರ ಮನಸ್ಸು ಕರಗಿತೋ, ಅಥವಾ ಎದುರಿಗೆ ನಿಂತವನ ಹತ್ತಿಯಿಂದ ಸೀನು ಬಂತೋ, "ಮೇಡಂ ಅವರೇ ನಾಳೆ ಬಂದು ನೋಡ್ತಾರೆ, ಹೋಗಿ" ಎಂದರು.

ಹತ್ತಿಯಪ್ಪ ಒಂದೇ ಉಸಿರಿಗೆ ಬೀದಿಗೆ ಬಂದು ಎಲ್ಲರನ್ನೂ ಕೂಗಿ ಸೇರಿಸಿದ. "ನೋಡಿ, ನಾಳೆ ಮೇಡಂ ಬರ್ತಾರೆ. ಎಲ್ಲರೂ ನಿಜ ಹೇಳಿಬಿಡಿ. ನಾನು ಇಲ್ಲೇ ಇರೋನು ಅಂತ ಹೇಳಿ."

ಬೀದಿ ಅವನನ್ನು ನೋಡಿತು. ಇಸ್ತ್ರಿಯವನು ಕಿರಾಣಿಯವನನ್ನು ನೋಡಿದ. ಕಿರಾಣಿಯವನು ಬಾಗಿಲಜ್ಜಿಯನ್ನು ನೋಡಿದ. ಬಾಗಿಲಜ್ಜಿ ನಿಧಾನವಾಗಿ ಒಂದು ಕಣ್ಣು ಮಿಟುಕಿಸಿದಳು.

"ಆಯ್ತಪ್ಪಾ. ಹಂಗೇ ಹೇಳ್ತೀವಿ."

"ಅಜ್ಜಿ, ಕಣ್ಣು ಹೊಡೀಬೇಡ. ಇದು ನಿಜವಾದ ನಿಜ!"

"ಪಾಪ, ಚೆನ್ನಾಗಿ ಹೆದರಿಸಿದಾರೆ" ಎಂದು ಕಿರಾಣಿಯವನು ಮೆಲ್ಲಗೆ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಕಿವಿಯಲ್ಲಿ ಹತ್ತಿ ಇತ್ತು.

ಬೆಳಗ್ಗೆ ಮೇಡಂ ಕೊಡೆ ಹಿಡಿದು, ಹಿಂದೆ ಜವಾನನನ್ನು ಕರೆದುಕೊಂಡು ನಡೆದೇ ಬಂದರು. ಬೀದಿಯ ಬಾಯಲ್ಲೇ ಇಸ್ತ್ರಿ ಅಂಗಡಿ.

"ಇಲ್ಲಿ ಹಾಸಿಗೆ ಹೊಲಿಯೋರ ಮನೆ ಯಾವುದು?"

"ಹಾಸಿಗೇನಾ?" ಇಸ್ತ್ರಿಯವನು ಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಮರೆತ. "ನಮ್ಮ ಬೀದೀಲಿ ಎಲ್ಲರೂ ಬರೀ ನೆಲದ ಮೇಲೆ ಮಲಗೋದು ಮೇಡಂ. ಬೆನ್ನಿಗೆ ಒಳ್ಳೇದು."

ಅವನ ಹಿಂದಿನಿಂದ ಡೊಂಯ್ ಡೊಂಯ್ ಎಂದು ಸದ್ದು ಬರುತ್ತಿತ್ತು. ಹತ್ತಿಯ ಎಳೆಯೊಂದು ತೇಲಿ ಬಂದು ಮೇಡಂ ಕೊಡೆಯ ಮೇಲೆ ಕೂತಿತು. ಮೇಡಂ ಸದ್ದಿನ ಬೆನ್ನುಹತ್ತಿ ನಡೆದರು. ಹತ್ತಿಯಪ್ಪನ ಮನೆಯ ಎದುರಿಗೇ ಹೊಸ್ತಿಲ ಮೇಲೆ ಬಾಗಿಲಜ್ಜಿ.

"ಅಜ್ಜಿ, ಈ ಮನೇಲಿ ಯಾರಿದಾರೆ?"

"ಯಾರೂ ಇಲ್ಲ ತಾಯಿ. ಪಾಳುಬಿದ್ದು ಬಹಳ ವರ್ಷ ಆಯ್ತು. ಹಾವಿದೆ, ಹತ್ರ ಹೋಗ್ಬೇಡ."

ಪಾಳುಬಿದ್ದ ಮನೆಯ ಅಡುಗೆಮನೆಯಿಂದ ಒಗ್ಗರಣೆಯ ಘಾಟು ಬರುತ್ತಿತ್ತು. ಹಗ್ಗದ ಮೇಲೆ ಪುಟ್ಟಿಯ ಲಂಗ ಒಣಗುತ್ತಿತ್ತು. ಹಾವು ಇರಬೇಕಾದ ಜಾಗದಿಂದ ಹತ್ತಿಯಪ್ಪ ಬಿಲ್ಲು ಬಿಸಾಕಿ ಓಡಿಬಂದ.

"ಮೇಡಂ, ನಾನೇ! ಇದೇ ನನ್ನ ಮನೆ! ಅಜ್ಜಿ, ಹೇಳಜ್ಜಿ!"

ಅಜ್ಜಿ ಕಣ್ಣು ಕಿರಿದು ಮಾಡಿದಳು. "ಯಾರಪ್ಪಾ ನೀನು? ನೋಡಿದ್ರೆ ಒಳ್ಳೆ ಮನೆತನದೋನ ಹಂಗಿದೀಯ. ಬೇರೆಯೋರ ಮನೆ ಯಾಕೆ ನಂದು ಅಂತೀಯ?"

"ಅಜ್ಜೀ!"

"ಇವರು ಆಚೆಯೋರು ಮೇಡಂ" ಎಂದು ಕಿರಾಣಿಯವನು ಅಂಗಡಿ ಬಿಟ್ಟು ಓಡಿಬಂದ. "ಗಾಳಿಗೆ ಅಂತ ಈ ಕಡೆ ಬಂದಿರ್ತಾರೆ."

ಅಷ್ಟರಲ್ಲಿ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. ಮುಂಜಾನೆಯಿಂದ ತಡೆದಿಟ್ಟ ಸಿಟ್ಟು ಕಟ್ಟೆಯೊಡೆಯಿತು. "ಮೇಡಂ, ಇವರು ನನ್ನ ಗಂಡ. ಬೇಡ ಅಂದ್ರೂ ಇವರೇ ನನ್ನ ಗಂಡ. ಮದುವೆಯಾದಾಗಿಂದ ಇದೇ ಮನೇಲಿ ಹತ್ತಿ ಗುಡಿಸ್ತಾ ಇದೀನಿ."

"ಪಾಪ" ಎಂದು ಹಿಂದೆಯೇ ಬಂದಿದ್ದ ಇಸ್ತ್ರಿಯವನು ಮೇಡಂ ಕಡೆ ಬಗ್ಗಿ ದನಿ ತಗ್ಗಿಸಿದ. "ಆಯಮ್ಮನಿಗೆ ಸ್ವಲ್ಪ ತಲೆ ಸರಿ ಇಲ್ಲ. ಯಾರನ್ನ ಕಂಡ್ರೂ ಗಂಡ ಅಂತಾಳೆ."

ಸೌಟು ಗಾಳಿಯಲ್ಲಿ ಬೀಸಿಬಂತು. ಇಸ್ತ್ರಿಯವನು ತಪ್ಪಿಸಿಕೊಂಡದ್ದು ಅವನ ಅದೃಷ್ಟ. ಅವನ ಅಂಗಡಿಯಿಂದ ಸುಟ್ಟ ಬಟ್ಟೆಯ ವಾಸನೆ ಬಂತು, ಆದರೂ ಅವನು ಜಾಗ ಬಿಟ್ಟು ಕದಲಲಿಲ್ಲ. ಕೊಟ್ಟ ಮಾತು ಕೊಟ್ಟದ್ದೇ.

ಹತ್ತಿಯಪ್ಪ ನೆಲದ ಮೇಲೆ ಕುಸಿದು ಕೂತ. ತಾನು ಹುಟ್ಟಿದ ಬೀದಿ, ತಾನು ಆಡಿದ ಬೀದಿ, ಎದುರಿಗೇ ನಿಂತು ತನ್ನನ್ನು ಗೊತ್ತಿಲ್ಲ ಎನ್ನುತ್ತಿದೆ. ಹೀಗೆ ಅನ್ನಲು ಕಲಿಸಿದವನೂ ತಾನೇ. ಪುಟ್ಟಿಯ ಶಾಲೆ ಇವರೆಲ್ಲರ ಪ್ರೀತಿಯಿಂದಲೇ ಕೈತಪ್ಪಿ ಹೋಗುತ್ತಿದೆ ಎಂದು ನೆನೆದು ಅವನಿಗೆ ನಿಜವಾಗಿಯೂ ಅಳು ಬಂತು. ಕಣ್ಣೊರೆಸಿಕೊಂಡರೆ ಹತ್ತಿ ಮೆತ್ತಿಕೊಂಡು ಇನ್ನಷ್ಟು ಅಳು ಬಂತು.

ಮೇಡಂ ಕೊಡೆ ಮಡಚಿ, ಮಾಡಿನ ಕೆಳಗಿದ್ದ ಅರ್ಧ ಹೊಲಿದ ಹಾಸಿಗೆಯ ಅಂಚಿನಲ್ಲಿ ಕೂತರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಅಜ್ಜಿಯನ್ನು ಕೇಳಿದರು.

"ಅಜ್ಜಿ, ಇವರು ಯಾರೋ ಗೊತ್ತಿಲ್ಲ ಅಂತೀರಿ. ಮತ್ತೆ ಇವರು ಅತ್ತಾಗ ನೀವ್ಯಾಕೆ ಕಣ್ಣು ಒರೆಸ್ಕೊಂಡ್ರಿ?"

ಅಜ್ಜಿ ಸೆರಗನ್ನು ಥಟ್ಟನೆ ಕೆಳಗೆ ಬಿಟ್ಟಳು. "ನಾನೆಲ್ಲಿ ಒರೆಸ್ಕೊಂಡೆ? ಹತ್ತಿ ಬಿತ್ತು ತಾಯಿ."

"ನಾನು ಬಹಳ ಊರು ನೋಡಿದೀನಿ ಅಜ್ಜಿ" ಎಂದರು ಮೇಡಂ. "ಜನ ಅವರವರ ಮಕ್ಕಳಿಗೋಸ್ಕರ ನನ್ನ ಹತ್ರ ಸುಳ್ಳು ಹೇಳ್ತಾರೆ. ಅದು ದಿನಾ ಇದ್ದದ್ದೇ. ಬೇರೆಯೋರ ಮಗೂಗೋಸ್ಕರ ಇಡೀ ಬೀದಿಗೆ ಬೀದೀನೇ ನಿಂತು ಸುಳ್ಳು ಹೇಳೋದನ್ನ ಇವತ್ತೇ ನೋಡಿದ್ದು. ಗೊತ್ತಿಲ್ಲದೋನಿಗೆ ಯಾರೂ ಇಷ್ಟು ಚೆನ್ನಾಗಿ ಗೊತ್ತಿಲ್ಲ ಅನ್ನಲ್ಲ. ಇವರು ಈ ಬೀದಿಯೋರೇ."

ಬೀದಿ ಉಸಿರು ಬಿಟ್ಟಿತು. ಅಜ್ಜಿ ಮಾತ್ರ ಇನ್ನೂ ಅನುಮಾನದಿಂದ ಹತ್ತಿಯಪ್ಪನ ಕಡೆ ನೋಡಿದಳು. ಅವನು ಕೂತಲ್ಲಿಂದಲೇ ತಲೆಯಾಡಿಸಿದ. ಆಗ ಅಜ್ಜಿಗೆ ತಡೆಯಲಾಗಲಿಲ್ಲ.

"ಎತ್ತಿ ಆಡಿಸಿದ ಮಗು ತಾಯಿ. ಅದನ್ನ ಗೊತ್ತಿಲ್ಲ ಅನ್ನೋಕೆ ನನ್ನ ಹೊಟ್ಟೇಲಿ ಏನಾಯ್ತು ಅಂತ ನಿನಗೇನು ಗೊತ್ತು? ಅವನ ಮಗಳು ಓದಲಿ ಅಂತ ಅಂದೆ" ಎಂದು ಅತ್ತೇಬಿಟ್ಟಳು.

ಮೇಡಂ ಎದ್ದು, ಸೀರೆಗೆ ಅಂಟಿದ ಹತ್ತಿ ಕೊಡವಿಕೊಂಡು, ಹತ್ತಿಯಪ್ಪನಿಗೆ ಹೇಳಿದರು. "ನಿಮ್ಮ ಮಗಳು ಈಚೆಯ ಮಕ್ಕಳ ಜೊತೆಗೇ ಸೇರ್ತಾಳೆ. ನೀವು ಸುಳ್ಳು ಹೇಳಿದ್ದಕ್ಕೆ ನಾಳೆ ಕಛೇರಿಗೆ ಬಂದು ಬೈಸ್ಕೊಂಡು ಹೋಗಿ." ಅವನು ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಭಕ್ತಿಯಿಂದ ಬೈಸಿಕೊಂಡು ಬಂದ.

ಪುಟ್ಟಿ ಆಚೆ ಶಾಲೆಗೆ ಸೇರಿದಳು. ಮೊದಲ ವಾರವೇ ಒಂದು ಪುಸ್ತಕ ಮನೆಗೆ ತಂದಳು. ಕೊನೆಯ ಪುಟವಿರುವ ಪುಸ್ತಕ. ಅದನ್ನು ಅವಳು ಮಾಡಿನ ಕೆಳಗೆ ಗಟ್ಟಿಯಾಗಿ ಓದುತ್ತಿದ್ದರೆ ಕಿರಾಣಿಯವನು ಅಂಗಡಿ ಬಾಗಿಲು ಎಳೆದು ಬಂದು ಕೂರುತ್ತಿದ್ದ. ಆ ಸಂಜೆಗಳನ್ನು ನೆನೆದರೆ ಆ ಬೀದಿಯ ಹಳಬರ ಮುಖ ಈಗಲೂ ಅರಳುತ್ತದೆ.

ಇನ್ನು ಭಾವನ ಮಗನಿಗೆ ಚೀಟಿ ಕೈಕೊಟ್ಟಿತು. ಅವನು ಈಚೆ ಶಾಲೆಗೆ ಬಂದ. ಭಾವ ಕೂಗಾಡಿದರು, ಊಟ ಬಿಟ್ಟರು, ಮೇಲಿನವರನ್ನು ಕಂಡರು. ಮೇಲಿನವರ ಮಕ್ಕಳೂ ಈಚೆ ಶಾಲೆಗೇ ಬಂದಿದ್ದರು, ಅವರು ಯಾರನ್ನು ಕಾಣುವುದು? ಹೀಗಾಗಿ ಬೆಳಗ್ಗೆ ಗೇಟು ಬಿದ್ದಾಗ ಎರಡೂ ಕಡೆ ಚೀಲ ಹೊತ್ತ ಮಕ್ಕಳು ನಿಂತಿರುತ್ತಿದ್ದರು. ರೈಲು ಹೋದೊಡನೆ ಹಳಿಯ ಮೇಲೆ ಎರಡು ಗುಂಪೂ ಕಲೆತು, ಪೆನ್ಸಿಲ್ಲು, ಬೈಗುಳ, ಚಾಡಿ ಬದಲಾಯಿಸಿಕೊಂಡು ಬೇರೆಯಾಗುತ್ತಿದ್ದವು. ಮಧ್ಯಾಹ್ನ ಪುಟ್ಟಿಯ ಊಟ ಮಾವನ ಮನೆಯಲ್ಲಿ, ಆ ಹುಡುಗನ ಊಟ ಹತ್ತಿಯಪ್ಪನ ಮನೆಯಲ್ಲಿ.

ಮಳೆಗಾಲ ಬಂತು. ಮೊದಲ ದೊಡ್ಡ ಮಳೆಯ ದಿನ ಹುಡುಗ ತೊಪ್ಪೆಯಾಗಿ ಮನೆಗೆ ಹೋದ. "ದಾರೀಲಿ ನೆಂದೆಯೇನೋ?" ಎಂದು ಅಪ್ಪ ಕೇಳಿದರೆ, "ಇಲ್ಲಪ್ಪ, ಕ್ಲಾಸಲ್ಲಿ" ಎಂದನಂತೆ. ಎಷ್ಟೋ ವರ್ಷಗಳ ಅರ್ಜಿಗಳು ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ಮರುದಿನ ಬೆಳಗ್ಗೆಯೇ ಸೂಪರ್‌ವೈಸರ್ ಸಾಹೇಬರು ಹೆಂಚು, ಮರ, ಕೂಲಿಯಾಳುಗಳ ಸಮೇತ ಈಚೆ ಶಾಲೆಯ ಅಂಗಳದಲ್ಲಿ ಇಳಿದಿದ್ದರು.

ಹುಡುಗನನ್ನು ಊಟಕ್ಕೆ ಕರೆದೊಯ್ಯಲು ಹತ್ತಿಯಪ್ಪ ಅಲ್ಲಿಗೆ ಹೋದಾಗ ಭಾವ ಜಿನುಗು ಮಳೆಯಲ್ಲಿ ನಿಂತು ಅಬ್ಬರಿಸುತ್ತಿದ್ದರು: "ನಮ್ಮ ಶಾಲೆ ಸೂರು ಹಿಂಗೆ ಸೋರ್ತಾ ಇದೆಯಲ್ರೀ, ಇಷ್ಟು ದಿನ ಯಾವನು ಕತ್ತೆ ಕಾಯ್ತಿದ್ದ?"

ಆ ಕತ್ತೆ ಕಾಯುತ್ತಿದ್ದವರು ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಹತ್ತಿಯಪ್ಪನಿಗೆ ಕೇಳಿಸಿದ್ದು ನಮ್ಮ ಶಾಲೆ ಎಂಬ ಮಾತು ಮಾತ್ರ. ಮಗಳನ್ನು ಆಚೆ ಕಳಿಸುವ ಹುಚ್ಚಿನಲ್ಲಿ ಅವನು ಬೇಸಿಗೆ ಪೂರ್ತಿ ಈ ಶಾಲೆಯ ಮುಂದೆ ಹಾಯದೆ ಹಿಂದಿನ ಓಣಿಯಿಂದಲೇ ತಿರುಗಿದ್ದ. ಆಚೆಯವರು ಯಾರಾದರೂ ಓದಿದ್ದೆಲ್ಲಿ ಎಂದು ಕೇಳಿದರೆ ಮಾತು ಮರೆಸುತ್ತಿದ್ದ. ತನಗೆ ಪಾಠ ಹೇಳಿಕೊಟ್ಟ ಜಾಗವನ್ನು ಆಚೆಯ ಭಾವ ನಮ್ಮದು ಎನ್ನುತ್ತಿದ್ದಾರೆ, ತನ್ನ ಬಾಯಲ್ಲಿ ಆ ಮಾತು ಇನ್ನೂ ಬಂದಿಲ್ಲ. ಅವನಿಗೆ ನಾಚಿಕೆಯಾಯಿತು.

ಜಗಲಿಯಲ್ಲಿ ಮೇಷ್ಟ್ರು ಬಕೆಟ್ಟು ಹಿಡಿದು ನಿಂತಿದ್ದರು. ಗಣಿತ, ವಿಜ್ಞಾನ, ಡ್ರಿಲ್ಲು, ಗಂಟೆ ಎಲ್ಲಕ್ಕೂ ಒಬ್ಬರೇ ಆಗಿದ್ದ ಅದೇ ಮೇಷ್ಟ್ರು. ಈಗ ಕೂದಲೆಲ್ಲ ನೆರೆತಿತ್ತು. ಭಾವ ಮರ್ಯಾದೆಗೆಂದು ಪರಿಚಯ ಮಾಡಿಸಿದರು: "ಇವರು ನಮ್ಮ ಭಾವ, ಮೇಷ್ಟ್ರೆ. ಸ್ವಲ್ಪ ದಿನ ಆಚೆ ನಮ್ಮನೇಲೇ ಇದ್ರು."

"ಇಲ್ಲ ಮೇಷ್ಟ್ರೆ" ಎಂದ ಹತ್ತಿಯಪ್ಪ. ಅಂಗಳದಲ್ಲಿದ್ದ ಆಚೆಯವರಿಗೂ ಈಚೆಯವರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಎಂದ. "ನಾನು ಈಚೆಯೋನು. ಇದೇ ಶಾಲೇಲಿ ಓದಿದ್ದು. ನಿಮ್ಮ ಶಿಷ್ಯ. ನಿಮಗೆ ನೆನಪಿರಲಿಕ್ಕಿಲ್ಲ..."

ಮೇಷ್ಟ್ರು ಅವನ ಮೀಸೆಯ ಮೇಲಿದ್ದ ಹತ್ತಿಯನ್ನು ಎರಡು ಬೆರಳಿನಿಂದ ತೆಗೆದು ಕೆಳಗೆ ಹಾಕಿದರು. ಆಮೇಲೆ ಎಲ್ಲರೂ ಮರೆತಿದ್ದ ಅವನ ಹೆಸರನ್ನು, ಹಾಜರಿ ಕೂಗುವಾಗ ಕರೆಯುತ್ತಿದ್ದ ಹಾಗೆಯೇ, ಪೂರ್ತಿಯಾಗಿ ಹೇಳಿದರು.

"ಗೊತ್ತು ಕಣೋ" ಎಂದರು. "ಸುಮ್ನೆ ನಿಂತ್ಕೋಬೇಡ. ಹೋಗಿ ಏಣಿ ಹಿಡ್ಕೋ."

ಹತ್ತಿಯಪ್ಪ ಪಂಚೆ ಮೇಲೆ ಕಟ್ಟಿ ಓಡಿಹೋಗಿ ಏಣಿ ಹಿಡಿದುಕೊಂಡ. ಭಾವ ಹೆಂಚು ಹಿಡಿದು ಮೇಲೆ ಹತ್ತಿದರು.